ಅರ್ಬುದ ಚಿಕಿತ್ಸೆಯಲ್ಲಿ ವಾಮನ ವಾಹಕಗಳು

ಬೈಂದೂರಿನಿಂದಲೋ ಕುಂದಾಪುರದಿಂದಲೋ ಬೆಳಗಿನ ಬಸ್ಸು ಹಿಡಿದು, ಬ್ರಹ್ಮಾವರವನ್ನು ದಾಟಿ ಮಣಿಪಾಲದ ಆಸ್ಪತ್ರೆಗೆ ಹೋಗುವವರಲ್ಲಿ ಕೆಲವರ ಕೈಯಲ್ಲಿ ಒಂದು ಕಡತವಿರುತ್ತದೆ. ಮೂರು ವಾರಗಳಿಗೊಮ್ಮೆ ಅದೇ ದಾರಿ, ಅದೇ ಕಡತ. ರಕ್ತನಾಳಕ್ಕೆ ಹನಿಹನಿಯಾಗಿ ಮದ್ದನ್ನು ಏರಿಸಿಕೊಂಡು ಸಂಜೆಗೆ ಹಿಂದಿರುಗುವ ಅವರಿಗೆ ಮರುದಿನದಿಂದ ವಾಂತಿ, ಬಾಯಿಹುಣ್ಣು, ನಿಶ್ಶಕ್ತಿ. ಕೆಲವು ದಿನಗಳಲ್ಲಿ ತಲೆಗೂದಲೂ ಉದುರುತ್ತದೆ. ರೋಗಕ್ಕಿಂತ ಮದ್ದೇ ಹೆಚ್ಚು ಬಳಲಿಸಿತೆಂದು ನೊಂದು, ನಡುವೆಯೇ ಚಿಕಿತ್ಸೆಯನ್ನು ಬಿಟ್ಟುಬಿಡುವವರೂ ಉಂಟು. ರೋಗವಿರುವುದು ದೇಹದ ಒಂದೆಡೆ. ಮದ್ದು ಸುಡುವುದು ಇಡೀ ದೇಹವನ್ನು. ಹೀಗೇಕೆ? ಮದ್ದನ್ನು ರೋಗವಿದ್ದೆಡೆಗೇ ಕೊಂಡೊಯ್ದು ಅಲ್ಲಿ ಮಾತ್ರ ಬಿಚ್ಚುವ ಉಪಾಯವಿಲ್ಲವೆ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತಿರುವ ಒಂದು ವಿಜ್ಞಾನಶಾಖೆಯ ಪರಿಚಯವೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ನಮ್ಮ ಪ್ರಾಚೀನ ವೈದ್ಯಗ್ರಂಥವಾದ ಸುಶ್ರುತಸಂಹಿತೆಯಲ್ಲಿ ಗಂಟಿನ ರೂಪದ ರೋಗವೊಂದಕ್ಕೆ 'ಅರ್ಬುದ'ವೆಂಬ ಹೆಸರಿದೆ. ಗ್ರೀಕರು ಅದನ್ನು ಏಡಿಗೆ ಹೋಲಿಸಿದರು. ಅದರಿಂದಲೇ 'ಕ್ಯಾನ್ಸರ್' ಎಂಬ ಮಾತೂ, ಕನ್ನಡದ 'ಏಡಿಗಂತಿ'ಯೂ ಬಂದವು. ಅರ್ಬುದ ಶಬ್ದಕ್ಕೆ ಹತ್ತು ಕೋಟಿ ಎಂಬ ಸಂಖ್ಯಾರ್ಥವೂ ಉಂಟು. ಒಂದು ಜೀವಕೋಶವು ಕಟ್ಟಳೆಯನ್ನು ಮೀರಿ ಎರಡಾಗಿ, ಎರಡು ನಾಲ್ಕಾಗಿ, ಕೋಟ್ಯಂತರವಾಗುವ ರೋಗಕ್ಕೆ ಆ ಹೆಸರು ಒಪ್ಪಿಬಂದಿರುವುದು ಕಾಕತಾಳೀಯವೇ ಇರಬಹುದು. ಆದರೂ ಎಷ್ಟು ಸಾರ್ಥಕವಾಗಿದೆ! ಇನ್ನು 'ನ್ಯಾನೋ' ಎಂಬುದು 'ಕುಬ್ಜ' ಎಂಬರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ್ದು. ನಮ್ಮ ಮಾತಿನಲ್ಲಿ ವಾಮನ. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು ೮೦,೦೦೦ ನ್ಯಾನೋಮೀಟರ್. ರಕ್ತದ ಕೆಂಪುಕಣದ ಅಗಲ ಸುಮಾರು ೭,೦೦೦. ಇಲ್ಲಿ ವಿವರಿಸಲಿರುವ ಔಷಧವಾಹಕಗಳ ಗಾತ್ರವಾದರೋ ಬಹುಮಟ್ಟಿಗೆ ೧೦೦ರ ಆಸುಪಾಸು.

ಅರ್ಬುದಕ್ಕೆ ರಾಸಾಯನಿಕ ಚಿಕಿತ್ಸೆ ಹುಟ್ಟಿದ ಬಗೆಯೇ ವಿಚಿತ್ರವಾದುದು. ಯುದ್ಧದಲ್ಲಿ ಬಳಸುವ ವಿಷಾನಿಲವು ಬಿಳಿಯ ರಕ್ತಕಣಗಳನ್ನು ನಾಶಮಾಡುವುದನ್ನು ಕಂಡು, ಅದರ ಜಾತಿಗೆ ಸೇರಿದ ದ್ರವ್ಯವೊಂದನ್ನು ೧೯೪೨ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೋಗಿಯ ಮೇಲೆ ಪ್ರಯೋಗಿಸಿದರು. ೧೯೪೮ರಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯನು ರಕ್ತದ ಅರ್ಬುದದಿಂದ ನರಳುತ್ತಿದ್ದ ಮಕ್ಕಳಿಗೆ ಅಮೈನೊಪ್ಟೆರಿನ್ ಎಂಬ ಮದ್ದನ್ನು ಕೊಟ್ಟು, ರೋಗವು ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು ಪ್ರಕಟಿಸಿದನು. ಆ ಮದ್ದು ಸಿದ್ಧವಾದುದು ತೆಲುಗು ನಾಡಿನ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುಖ್ಯಸ್ಥರಾಗಿದ್ದ ಪ್ರಯೋಗಶಾಲೆಯಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕು. ಆದರೆ 'ತಾತ್ಕಾಲಿಕವಾಗಿ' ಎಂಬ ಮಾತಿನಲ್ಲಿ ದೊಡ್ಡ ದುಃಖವಡಗಿತ್ತು. ಕೆಲವೇ ತಿಂಗಳುಗಳಲ್ಲಿ ರೋಗ ಮರಳುತ್ತಿತ್ತು. ಕೋಟಿಗಟ್ಟಲೆ ಕೋಶಗಳಲ್ಲಿ ಕೆಲವಾದರೂ ಆ ಒಂದು ಮದ್ದಿಗೆ ಬಗ್ಗದೆ ಉಳಿದು, ಅವೇ ಮುಂದೆ ಸಂತತಿಯನ್ನು ಬೆಳೆಸುತ್ತಿದ್ದುವು.

ಕ್ಷಯರೋಗದಲ್ಲಿಯೂ ಇದೇ ಅನುಭವವಾಗಿತ್ತು. ಒಂದೇ ಮದ್ದಿಗೆ ಕ್ಷಯದ ಕ್ರಿಮಿ ಒಗ್ಗಿಕೊಳ್ಳುತ್ತಿತ್ತು. ಎರಡು ಮೂರನ್ನು ಕೂಡಿಸಿ ಕೊಟ್ಟಾಗ ಸೋಲುತ್ತಿತ್ತು. ಆ ನೀತಿಯನ್ನೇ ಅನುಸರಿಸಿ ೧೯೬೦ರ ದಶಕದಲ್ಲಿ ಫ್ರೈ, ಫ್ರೈರೈಕ್, ಹಾಲೆಂಡ್ ಮೊದಲಾದ ವೈದ್ಯರು ಮಕ್ಕಳ ರಕ್ತಾರ್ಬುದಕ್ಕೆ ನಾಲ್ಕು ಮದ್ದುಗಳನ್ನು ಒಟ್ಟಿಗೆ ಕೊಟ್ಟರು. ಆ ನಾಲ್ಕರಲ್ಲಿ ಒಂದು ನಮ್ಮ ಮನೆಯಂಗಳದಲ್ಲಿ ತಾನಾಗಿ ಬೆಳೆಯುವ ಕಾಶಿಕಣಗಿಲೆಯ ಸತ್ತ್ವವಾದ ವಿನ್‌ಕ್ರಿಸ್ಟೀನ್. ಅಂದಿನಿಂದ ಇಂದಿನವರೆಗೆ ಅರ್ಬುದ ಚಿಕಿತ್ಸೆಯಲ್ಲಿ ಕೂಡುಮದ್ದೇ ರಾಜಮಾರ್ಗವಾಗಿದೆ. ಒಂದು ಮದ್ದು ಕೋಶದ ವಂಶವಾಹಿಯನ್ನು ಕತ್ತರಿಸಿದರೆ ಇನ್ನೊಂದು ಅದರ ದುರಸ್ತಿಯನ್ನು ತಡೆಯುತ್ತದೆ. ಒಂದು ತಪ್ಪಿಸಿದ ಕೋಶವನ್ನು ಮತ್ತೊಂದು ಹಿಡಿಯುತ್ತದೆ.

ಆದರೆ ಇಲ್ಲಿಯೇ ತೊಡಕು. ಮದ್ದುಗಳೆರಡನ್ನೂ ಒಂದೇ ಗಳಿಗೆಯಲ್ಲಿ ರಕ್ತಕ್ಕೆ ಸೇರಿಸಿದರೂ ಅವು ದೇಹದಲ್ಲಿ ಜೊತೆಯಾಗಿ ನಡೆಯುವುದಿಲ್ಲ. ಒಂದನ್ನು ಯಕೃತ್ತು ಬೇಗನೆ ಅರಗಿಸಿಬಿಡುತ್ತದೆ. ಇನ್ನೊಂದು ಬಹುಕಾಲ ಉಳಿಯುತ್ತದೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಇಂತಿಷ್ಟು ಪ್ರಮಾಣದಲ್ಲಿ ಕೂಡಿದಾಗ ಪರಸ್ಪರ ಬಲ ಕೊಡುವ ಎರಡು ಮದ್ದುಗಳು, ಆ ಪ್ರಮಾಣ ತಪ್ಪಿದರೆ ಒಂದರ ಕೆಲಸಕ್ಕೆ ಮತ್ತೊಂದು ಅಡ್ಡಿಯಾಗುವುದೂ ಉಂಟು. ವೈದ್ಯನು ಅಳೆದು ಕೊಟ್ಟ ಪ್ರಮಾಣ ಒಂದು, ಗಂಟಿನೊಳಗೆ ತಲುಪುವ ಪ್ರಮಾಣ ಮತ್ತೊಂದು. ಇದರ ಜೊತೆಗೆ ಬೇಗಬೇಗನೆ ವೃದ್ಧಿಯಾಗುವ ಆರೋಗ್ಯವಂತ ಕೋಶಗಳೂ, ಎಂದರೆ ಕೂದಲ ಬುಡ, ಕರುಳಿನ ಒಳಪದರ, ಎಲುಬಿನ ಮಜ್ಜೆ ಇವೂ ಮದ್ದಿಗೆ ತುತ್ತಾಗುತ್ತವೆ. ಬಸ್ಸಿನಲ್ಲಿ ಹಿಂದಿರುಗುವ ರೋಗಿಯ ವಾಂತಿಗೂ ತಲೆ ಬೋಳಾಗುವುದಕ್ಕೂ ಕಾರಣವಿದೇ.

ಮದ್ದನ್ನು ಬರಿದಾಗಿ ಕಳುಹದೆ ಒಂದು ಸಂಪುಟದಲ್ಲಿಟ್ಟು ಕಳುಹಿದರೆ? ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್, ಮೇದಸ್ಸಿನ ಜಾತಿಯ ದ್ರವ್ಯಗಳನ್ನು ನೀರಿನಲ್ಲಿ ಕಲಕಿದಾಗ ಅವು ತಾವಾಗಿಯೇ ಪೊಳ್ಳಾದ ಸೂಕ್ಷ್ಮ ಗುಳ್ಳೆಗಳಾಗುವುದನ್ನು ಕಂಡನು. ಅವಕ್ಕೆ ಲೈಪೊಸೋಮ್ ಎಂದು ಹೆಸರು. ಗುಳ್ಳೆಯ ಒಳಗೆ ಮದ್ದು, ಹೊರಗೆ ಜೀವಕೋಶದ ಪೊರೆಯನ್ನೇ ಹೋಲುವ ಹೊದಿಕೆ. ಹೃದಯಕ್ಕೆ ಹಾನಿಮಾಡುವುದರಲ್ಲಿ ಕುಪ್ರಸಿದ್ಧವಾದ ಡಾಕ್ಸೊರುಬಿಸಿನ್ ಎಂಬ ಕೆಂಬಣ್ಣದ ಮದ್ದನ್ನು ಇಂತಹ ಗುಳ್ಳೆಯಲ್ಲಿ ತುಂಬಿದ 'ಡಾಕ್ಸಿಲ್' ೧೯೯೫ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. ಅದರಿಂದ ಹೃದಯದ ಹಾನಿ ಗಣನೀಯವಾಗಿ ತಗ್ಗಿತು. ೨೦೧೨ರಲ್ಲಿ ಆ ದೇಶದಲ್ಲಿ ಡಾಕ್ಸಿಲ್‌ಗೆ ಅಭಾವ ಉಂಟಾದಾಗ ಭಾರತದ ಸನ್ ಫಾರ್ಮಾ ಕಂಪನಿಯ 'ಲಿಪೊಡಾಕ್ಸ್' ಅಲ್ಲಿಗೆ ಹೋಗಿ ಕೊರತೆಯನ್ನು ನೀಗಿಸಿತೆಂಬುದು ನಾವು ಹೆಮ್ಮೆಪಡಬಹುದಾದ ಸಂಗತಿ.

ಇಷ್ಟು ಚಿಕ್ಕ ಕಣವೇ ಏಕೆ ಬೇಕು? ೧೯೮೬ರಲ್ಲಿ ಜಪಾನಿನ ಮತ್ಸುಮುರ ಮತ್ತು ಮಾಯೆದ ಒಂದು ವಿಷಯವನ್ನು ತೋರಿಸಿಕೊಟ್ಟರು. ಅವಸರದಲ್ಲಿ ಬೆಳೆಯುವ ಗಂಟು ತನ್ನ ರಕ್ತನಾಳಗಳನ್ನೂ ಅವಸರದಲ್ಲಿಯೇ ಕಟ್ಟಿಕೊಳ್ಳುತ್ತದೆ. ಕೆಲಸಗೇಡಿ ಗಾರೆಯವನು ಕಟ್ಟಿದ ಗೋಡೆಯಂತೆ ಅವುಗಳಲ್ಲಿ ಸಂದುಗಳಿರುತ್ತವೆ. ಆರೋಗ್ಯವಂತ ನಾಳದಿಂದ ಹೊರಬೀಳಲಾರದ ಕಣ ಈ ಸಂದಿನಿಂದ ಸೋರಿ ಗಂಟಿನಲ್ಲಿ ತಂಗುತ್ತದೆ. ಕಣವು ೬ ನ್ಯಾನೋಮೀಟರಿಗಿಂತ ಕಿರಿದಾದರೆ ಮೂತ್ರಪಿಂಡವು ಸೋಸಿ ಹೊರಹಾಕುತ್ತದೆ. ಇನ್ನೂರನ್ನು ಮೀರಿದರೆ ಗುಲ್ಮವೂ ಯಕೃತ್ತೂ ಹಿಡಿದುಕೊಳ್ಳುತ್ತವೆ. ಆದುದರಿಂದಲೇ ನೂರರ ಆಸುಪಾಸಿನ ವಾಮನ.

ತಲುಪಿದರೆ ಸಾಲದು, ತಲುಪಿದ ಮೇಲೆ ಬಿಚ್ಚಿಕೊಳ್ಳಬೇಕು, ತಲುಪುವ ಮೊದಲು ಬಿಚ್ಚಿಕೊಳ್ಳಬಾರದು. ಈ ಭಾಗದ ಓದುಗರಿಗೆ ಇದನ್ನು ತಿಳಿಸಲು ದೂರದ ದೃಷ್ಟಾಂತ ಬೇಡ. ನಮ್ಮ ಹೊಳೆಗಳಿಗೆ ಅಡ್ಡಲಾಗಿ ಕಟ್ಟಿರುವ ಕಿಂಡಿ ಅಣೆಕಟ್ಟುಗಳನ್ನು ನೆನೆಯಬಹುದು. ಮಳೆಗಾಲದಲ್ಲಿ ಹಲಗೆ ತೆಗೆದು ನೆರೆಯನ್ನು ಹೋಗಗೊಡುತ್ತಾರೆ; ಮಳೆ ಹಿಂದೆಗೆದ ಮೇಲೆ ಹಲಗೆ ಹಾಕಿ ಸಿಹಿನೀರನ್ನು ನಿಲ್ಲಿಸಿ ಉಪ್ಪುನೀರನ್ನು ತಡೆಯುತ್ತಾರೆ. ಅಲ್ಲಿ ಹಲಗೆಯನ್ನು ತೆಗೆಯುವವನು ಮನುಷ್ಯ. ನೀರಿನ ರುಚಿಯನ್ನು ತಾನೇ ಅರಿತು ತಾನೇ ತೆರೆಯುವ ಹಲಗೆಯೊಂದಿದ್ದರೆ ಹೇಗೋ ಹಾಗೆ ಈ ಹೊಸ ಕಣಗಳು. ಸುತ್ತಲಿನ ಸ್ಥಿತಿಗೆ ಸ್ಪಂದಿಸುವುದರಿಂದ ಅವನ್ನು ಸ್ಪಂದನಶೀಲ ಕಣಗಳೆನ್ನಬಹುದು.

ಸ್ಪಂದನಕ್ಕೆ ಕಾರಣವಾಗುವ ಮೊದಲ ಗುರುತು ಹುಳಿ. ದಾಸವಾಳದ ರಸಕ್ಕೆ ಲಿಂಬೆಹುಳಿ ಹಿಂಡಿ ಬಣ್ಣ ಬದಲಾಗುವುದನ್ನು ಪ್ರಾಥಮಿಕ ಶಾಲೆಯ ಮಕ್ಕಳೂ ನೋಡಿರುತ್ತಾರೆ. ಅರ್ಬುದದ ಕೋಶವು ಆಮ್ಲಜನಕವಿರುವಾಗಲೂ ಸಕ್ಕರೆಯನ್ನು ಅರೆಬರೆ ಅರಗಿಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಚೆಲ್ಲುವುದೆಂದು ಜರ್ಮನಿಯ ಆಟೊ ವಾರ್ಬುರ್ಗ್ ೧೯೨೦ರ ದಶಕದಲ್ಲಿಯೇ ಕಂಡುಕೊಂಡಿದ್ದನು. ರಕ್ತದ ಪಿ.ಎಚ್. ೭.೪ ಆಗಿದ್ದರೆ ಗಂಟಿನ ಸುತ್ತ ಅದು ಸುಮಾರು ೬.೫ರಿಂದ ೬.೯, ಕಣವನ್ನು ನುಂಗಿದ ಕೋಶದ ಒಳಚೀಲಗಳಲ್ಲಿ ಇನ್ನೂ ಇಳಿದು ೫ರ ಹತ್ತಿರ. ಹುಳಿ ತಾಗಿದೊಡನೆ ಮುರಿಯುವ ರಾಸಾಯನಿಕ ಬಂಧದಿಂದ ಮದ್ದನ್ನು ಕಣಕ್ಕೆ ಕಟ್ಟಿದರೆ ರಕ್ತದಲ್ಲಿ ಗಂಟು ಗಟ್ಟಿಯಾಗಿರುತ್ತದೆ, ಕೋಶದೊಳಗೆ ಸಡಿಲುತ್ತದೆ. ಎರಡನೆಯ ಗುರುತು ಗ್ಲುಟಾಥಯೋನ್ ಎಂಬ ದ್ರವ್ಯ. ಕೋಶದ ಹೊರಗಿರುವುದಕ್ಕಿಂತ ಒಳಗೆ ಅದು ಸುಮಾರು ಸಾವಿರ ಪಾಲು ಹೆಚ್ಚು. ಗಂಧಕದ ಎರಡು ಪರಮಾಣುಗಳ ಕೊಂಡಿಯನ್ನು ಅದು ಕತ್ತರಿಸುತ್ತದೆ; ಆದುದರಿಂದ ಆ ಕೊಂಡಿಯಿಂದ ಹೆಣೆದ ಕಣವು ಕೋಶವನ್ನು ಹೊಕ್ಕ ಮೇಲೆಯೇ ಬಿಚ್ಚಿಕೊಳ್ಳುತ್ತದೆ.

ಮೂರನೆಯ ಗುರುತು ಕಿಣ್ವ. ಇಲ್ಲಿ ನಮ್ಮ ನಾಡಿನ ಕೆಲಸವೊಂದನ್ನು ಸ್ಮರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಶೋಕ್ ರಾಯಚೂರ್ ಅವರ ತಂಡವು ಸಿಲಿಕಾ, ಎಂದರೆ ಮರಳಿನ ಮೂಲದ್ರವ್ಯದಿಂದ ಜೇನುಹುಟ್ಟಿನಂತೆ ರಂಧ್ರಗಳುಳ್ಳ ಕಣಗಳನ್ನು ಮಾಡಿ, ಆ ರಂಧ್ರಗಳಲ್ಲಿ ಮದ್ದನ್ನಿಟ್ಟು, ಬಾಯಿಗೆ ಪ್ರೋಟಮೀನ್ ಎಂಬ ಪ್ರೋಟೀನಿನ ಮುಚ್ಚಳವನ್ನು ಹಾಕಿದ ವಿಧಾನವನ್ನು ೨೦೧೪ರಲ್ಲಿ ಪ್ರಕಟಿಸಿತು. ಟ್ರಿಪ್ಸಿನ್ ಎಂಬ ಕಿಣ್ವ ಬಂದು ಮುಚ್ಚಳವನ್ನು ಅರಗಿಸಿದಾಗ ಮಾತ್ರ ಮದ್ದು ಹೊರಬರುತ್ತದೆ. ಪ್ರೋಟಮೀನ್ ಮೀನಿನಿಂದ ದೊರೆಯುವ ಪದಾರ್ಥ. ಮರಳಿನ ಡಬ್ಬಿಗೆ ಮೀನಿನ ಮುಚ್ಚಳವೆಂದರೆ ಮರವಂತೆ, ಗಂಗೊಳ್ಳಿಯ ಕಡೆಯ ಓದುಗರಿಗೆ ನಗು ಬಂದೀತು. ಆದರೆ ಉಪಾಯ ಅಷ್ಟೇ ಸರಳವಾದುದು. ಇವಲ್ಲದೆ ಹೊರಗಿನಿಂದ ಆಜ್ಞೆ ಕೊಡುವ ಬಗೆಗಳೂ ಇವೆ: ಬೆಳಕು, ಶ್ರವಣಾತೀತ ಧ್ವನಿ, ಅಯಸ್ಕಾಂತ, ಶಾಖ.

ಇನ್ನು ಎರಡು ಮದ್ದುಗಳನ್ನು ಒಂದೇ ಕಣದಲ್ಲಿಡುವ ವಿಚಾರ. ಆಸ್ಪತ್ರೆಯವರೆಗೆ ಬಂದಿರುವ ಸ್ಪಷ್ಟ ಉದಾಹರಣೆ 'ವಿಕ್ಸಿಯೋಸ್' ಎಂಬುದು. ಸೈಟಾರಬಿನ್ ಐದು ಪಾಲು, ಡೌನೊರುಬಿಸಿನ್ ಒಂದು ಪಾಲು, ಎರಡೂ ಒಂದೇ ಲೈಪೊಸೋಮಿನಲ್ಲಿ. ಪಾಲು ಲೆಕ್ಕವು ತೂಕದಿಂದಲ್ಲ, ಅಣುಗಳ ಸಂಖ್ಯೆಯಿಂದ. ತೀವ್ರ ರಕ್ತಾರ್ಬುದವಿದ್ದ ೬೦ರಿಂದ ೭೫ ವರ್ಷದ ೩೦೯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇದನ್ನೂ ಇನ್ನೊಂದಕ್ಕೆ ಅವೇ ಮದ್ದುಗಳನ್ನು ಬೇರೆಬೇರೆಯಾಗಿಯೂ ಕೊಟ್ಟರು. ಮಧ್ಯಮ ಬದುಕಿನ ಅವಧಿ ಮೊದಲ ಗುಂಪಿನಲ್ಲಿ ೯.೫೬ ತಿಂಗಳು, ಎರಡನೆಯದರಲ್ಲಿ ೫.೯೫ ತಿಂಗಳು. ಮದ್ದು ಅವೇ, ಕೂಡಿ ನಡೆದುದರಿಂದ ಬಂದ ವ್ಯತ್ಯಾಸವಿದು. ೨೦೧೭ರ ಆಗಸ್ಟಿನಲ್ಲಿ ಅಮೆರಿಕ ಇದಕ್ಕೆ ಮನ್ನಣೆಯಿತ್ತಿತು. ಮೂರೂವರೆ ತಿಂಗಳು ದೊಡ್ಡದೇ ಎಂದು ಕೇಳುವವರುಂಟು. ರೋಗಿಯ ಮನೆಯವರು ಹಾಗೆ ಕೇಳಲಾರರು.

ಕೆಲವೊಮ್ಮೆ ಕೂಡಿದರೆ ಸಾಲದು, ಕ್ರಮವೂ ಬೇಕು. ಅಮೆರಿಕದ ಪಾಲಾ ಹ್ಯಾಮಂಡ್ ಅವರ ತಂಡವು ೨೦೧೪ರಲ್ಲಿ, ಹೊರಪದರದಲ್ಲಿ ಅರ್ಲೊಟಿನಿಬ್, ಒಳಗೆ ಡಾಕ್ಸೊರುಬಿಸಿನ್ ಇರುವ ಕಣವನ್ನು ಇಲಿಗಳ ಮೇಲೆ ಪ್ರಯೋಗಿಸಿತು. ಮೊದಲನೆಯದು ಕೋಶದ ರಕ್ಷಣೆಯನ್ನು ಸಡಿಲಿಸುತ್ತದೆ. ತರುವಾಯ ಬರುವ ಎರಡನೆಯದು ಹೊಡೆಯುತ್ತದೆ. ಇನ್ನೊಂದು ತಂತ್ರವು ಕೋಶದ 'ಪಂಪಿ'ಗೆ ಸಂಬಂಧಿಸಿದುದು. ಒಗ್ಗಿಹೋದ ಅರ್ಬುದಕೋಶವು ಒಳಬಂದ ಮದ್ದನ್ನು, ತೂತಾದ ದೋಣಿಯಿಂದ ನೀರನ್ನು ಮೊಗೆದು ಚೆಲ್ಲುವಂತೆ, ಹೊರಚೆಲ್ಲುತ್ತದೆ. ಆ ಪಂಪಿನ ಪ್ರೋಟೀನನ್ನು ೧೯೭೬ರಲ್ಲಿ ಗುರುತಿಸಲಾಯಿತು. ಅದನ್ನು ತಡೆಯುವ ದ್ರವ್ಯವನ್ನೂ ಮದ್ದನ್ನೂ ಒಟ್ಟಿಗೆ ತುಂಬುವ ಪ್ರಯತ್ನಗಳು ಅನೇಕ ಪ್ರಯೋಗಶಾಲೆಗಳಲ್ಲಿ ನಡೆದಿವೆ. ಅವುಗಳಲ್ಲಿ ಅರಸಿನದ ಕರ್ಕ್ಯುಮಿನ್ ಸಹ ಒಂದು. ಇಲ್ಲೊಂದು ಎಚ್ಚರಿಕೆಯ ಮಾತು. ತಿಂದ ಅರಸಿನದಿಂದ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಅತ್ಯಲ್ಪ. ಅದಕ್ಕಾಗಿಯೇ ವಿಜ್ಞಾನಿಗಳು ಅದನ್ನು ಕಣದಲ್ಲಿ ತುಂಬಲು ಹೆಣಗುತ್ತಿರುವುದು. ಅರಸಿನದ ಕಷಾಯವನ್ನು ಕುಡಿದು ಆಸ್ಪತ್ರೆಯನ್ನು ಬಿಡುವುದಕ್ಕೆ ಈ ಸಂಶೋಧನೆಯು ಆಧಾರವಾಗದು. ಆಯುರ್ವೇದದಲ್ಲಿ ಮದ್ದನ್ನು ಒಯ್ಯುವ 'ಅನುಪಾನ'ದ ಕಲ್ಪನೆಯಿದೆ, ಜೇನಿಗೆ 'ಯೋಗವಾಹಿ' ಎಂಬ ವಿಶೇಷಣವಿದೆ. ಅಂದಮಾತ್ರಕ್ಕೆ ನ್ಯಾನೋವಿದ್ಯೆಯನ್ನು ಪೂರ್ವಿಕರು ಬಲ್ಲವರಾಗಿದ್ದರೆಂದು ಸಾರುವುದು ಪೂರ್ವಿಕರಿಗೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ.

ಕೊಲ್ಲೂರಿನ ಮೇಲೆದ್ದಿರುವ ಪಶ್ಚಿಮಘಟ್ಟಗಳಿಗೂ ಈ ಕಥೆಗೂ ನೇರವಾದ ನಂಟಿದೆ. ಈ ಘಟ್ಟಸಾಲಿನಲ್ಲಿ ದುರ್ವಾಸನೆಯ ಮರವೆಂಬ ಸಣ್ಣ ಮರವೊಂದುಂಟು. ಸಸ್ಯಶಾಸ್ತ್ರದಲ್ಲಿ ಅದು ನೋಥಾಪೊಡೈಟಿಸ್ ನಿಮ್ಮೋನಿಯಾನ. ೧೯೬೬ರಲ್ಲಿ ವಾಲ್ ಮತ್ತು ಭಾರತೀಯ ಸಂಜಾತ ಮನಸುಖ ವಾಣಿ ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಅರ್ಬುದನಾಶಕ ಸತ್ತ್ವವನ್ನು ಬೇರ್ಪಡಿಸಿದರು. ೧೯೭೨ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಸತ್ತ್ವವನ್ನು ನಮ್ಮ ಈ ಮರದಲ್ಲಿ ಕಂಡರು. ಆದರೆ ಕ್ಯಾಂಪ್ಟೊಥೆಸಿನ್ನಿನ ಸ್ವಭಾವ ಬಲು ಹಟಮಾರಿ. ನೀರಿನಲ್ಲಿ ಕರಗದು. ಕರಗಿಸಲೆಂದು ಲವಣವಾಗಿ ಮಾರ್ಪಡಿಸಿ ೧೯೭೦ರ ದಶಕದಲ್ಲಿ ಕೊಟ್ಟುನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವವೇ ಮೊದಲಾದ ತೊಂದರೆಗಳುಂಟಾಗಿ ಪ್ರಯೋಗ ನಿಂತಿತು. ಅದರ ಅಣುವಿನಲ್ಲಿರುವ ಒಂದು ಉಂಗುರವು ಹುಳಿಯಲ್ಲಿ ಮುಚ್ಚಿದ್ದು ಕೆಲಸ ಮಾಡುತ್ತದೆ, ರಕ್ತದ ಪಿ.ಎಚ್.ನಲ್ಲಿ ತೆರೆದುಕೊಂಡು ನಿಷ್ಕ್ರಿಯವಾಗುತ್ತದೆ. ಇಂತಹ ಮದ್ದಿಗೆ ಸಂಪುಟಕ್ಕಿಂತ ಹಿತವಾದ ಮನೆ ಬೇರಿಲ್ಲ. ಒಳಗೆ ಹುಳಿಯಿರುವ ಲೈಪೊಸೋಮಿನಲ್ಲಿ ಇದರ ಕುಲದ ಇರಿನೊಟಿಕಾನ್ ಎಂಬ ಮದ್ದನ್ನು ಕಾಪಾಡಿಕೊಂಡು ಒಯ್ಯುವ 'ಆನಿವೈಡ್' ೨೦೧೫ರಲ್ಲಿ ಮೇದೋಜೀರಕಾಂಗದ ಅರ್ಬುದಕ್ಕೆ ಮನ್ನಣೆ ಪಡೆಯಿತು. ೨೦೧೯ರಲ್ಲಿ ಸ್ತನದ ಅರ್ಬುದಕ್ಕೆ ಬಂದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬುದರಲ್ಲಿಯೂ ಇದೇ ಕುಲದ ಮದ್ದನ್ನು ಪ್ರತಿಕಾಯಕ್ಕೆ ಕಟ್ಟಿರುತ್ತಾರೆ. ಕೋಶದೊಳಗಿನ ಕಿಣ್ವವು ಆ ಕಟ್ಟನ್ನು ಕಡಿಯುತ್ತದೆ. ಅದು ಕಣವಲ್ಲದಿದ್ದರೂ ಸ್ಪಂದನದ ತತ್ತ್ವ ಅದೇ.

ಇತ್ತ ಮರದ ಗತಿ ಏನಾಯಿತು? ಹೊರದೇಶಗಳ ಬೇಡಿಕೆಗಾಗಿ ಘಟ್ಟದ ಕಾಡುಗಳಲ್ಲಿ ಅದನ್ನು ಕಡಿದು ಒಣಗಿಸಿ ಸಾಗಿಸಿದುದರಿಂದ ಅದರ ಸಂಖ್ಯೆ ತೀವ್ರವಾಗಿ ಕುಗ್ಗಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಯಾವ ಎಡೆಯ ಮರದಲ್ಲಿ ಸತ್ತ್ವ ಹೆಚ್ಚೆಂದು ಅಳೆದುದಲ್ಲದೆ, ಮರದೊಳಗೆ ವಾಸಿಸುವ ಕೆಲವು ಶಿಲೀಂಧ್ರಗಳೂ ಅದನ್ನು ತಯಾರಿಸುವುದನ್ನು ಪರೀಕ್ಷಿಸಿದರು. ಆದರೆ ಮರದಿಂದ ಬೇರ್ಪಡಿಸಿ ಬೆಳೆಸಿದ ಶಿಲೀಂಧ್ರ ಕೆಲವೇ ತಲೆಮಾರುಗಳಲ್ಲಿ ಆ ವಿದ್ಯೆಯನ್ನು ಮರೆಯತೊಡಗುತ್ತದೆ.

ಸೋಲುಗಳನ್ನು ಮುಚ್ಚಿಡುವುದು ಸರಿಯಲ್ಲ. ಸುಮಾರು ೪೧–೪೨ ಡಿಗ್ರಿ ಶಾಖದಲ್ಲಿ ಕರಗಿ ಡಾಕ್ಸೊರುಬಿಸಿನನ್ನು ಸುರಿಸುವ 'ಥರ್ಮೊಡಾಕ್ಸ್' ಎಂಬ ಲೈಪೊಸೋಮಿನ ಮೇಲೆ ದೊಡ್ಡ ನಿರೀಕ್ಷೆಯಿತ್ತು. ಯಕೃತ್ತಿನ ಅರ್ಬುದವಿದ್ದ ೭೦೧ ರೋಗಿಗಳ ಪರೀಕ್ಷೆಯ ಫಲ ೨೦೧೩ರಲ್ಲಿ ಹೊರಬಂದಾಗ ಅದರಿಂದ ವಿಶೇಷ ಪ್ರಯೋಜನ ಕಂಡುಬರಲಿಲ್ಲ. ಮತ್ತೊಂದು ಪರೀಕ್ಷೆಯೂ ೨೦೨೦ರಲ್ಲಿ ಹಾಗೆಯೇ ಮುಗಿಯಿತು. ೨೦೧೬ರಲ್ಲಿ ಕೆನಡಾದ ವಾರನ್ ಚಾನ್ ಮತ್ತು ಸಂಗಡಿಗರು ಹತ್ತು ವರ್ಷಗಳ ಪ್ರಾಣಿಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಮಾಡಿ ನೋಡಿದರು. ಚುಚ್ಚಿದ ಕಣಗಳಲ್ಲಿ ಗಂಟನ್ನು ತಲುಪಿದ್ದು ಮಧ್ಯಮ ಪ್ರಮಾಣದಲ್ಲಿ ಶೇಕಡಾ ೦.೭ ಮಾತ್ರ. ಸಾವಿರದಲ್ಲಿ ಏಳು! ಉಳಿದುವು ಬಹುಪಾಲು ಯಕೃತ್ತು, ಗುಲ್ಮಗಳ ಪಾಲು. ಅಲ್ಲದೆ ನಾಳದ ಸಂದಿನಿಂದ ಕಣ ಸೋರುತ್ತದೆಂಬ ಹಳೆಯ ವಿವರಣೆ ಸಾಲದೆಂದೂ, ನಾಳದ ಗೋಡೆಯ ಕೋಶಗಳೇ ಬಹುಮಟ್ಟಿಗೆ ಅದನ್ನು ದಾಟಿಸುತ್ತವೆಂದೂ ಅದೇ ತಂಡ ೨೦೨೦ರಲ್ಲಿ ತೋರಿಸಿತು. ಇಲಿಯ ಗಂಟು ಕೆಲವೇ ವಾರಗಳದು. ಮನುಷ್ಯನದು ವರ್ಷಗಟ್ಟಲೆ ಬೆಳೆದದ್ದು. ಹುಳಿಗೂ ಕಿಣ್ವಕ್ಕೂ ಸ್ಪಂದಿಸುತ್ತ ಎರಡು ಮದ್ದುಗಳನ್ನು ಒಯ್ಯುವ ಜಾಣ ಕಣಗಳಲ್ಲಿ ಬಹುಪಾಲು ಇನ್ನೂ ಗಾಜಿನ ತಟ್ಟೆಯನ್ನೂ ಇಲಿಯನ್ನೂ ದಾಟಿ ಬಂದಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಈ ಕೆಲಸಕ್ಕೆ ನೆಲೆಯಿದೆ. ಡಾ. ಟಿ. ಎಂ. ಎ. ಪೈ ಅವರು ೧೯೫೩ರಲ್ಲಿ ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಹಿಂದೆಯೇ ೧೯೬೩ರಲ್ಲಿ ಮಣಿಪಾಲದ ಔಷಧ ವಿಜ್ಞಾನ ಕಾಲೇಜು ಆರಂಭವಾಯಿತು. ಅದರ ಪ್ರಯೋಗಶಾಲೆಗಳಲ್ಲಿ ಅರ್ಬುದದ ಮದ್ದುಗಳಿಗೆ ನ್ಯಾನೋ ವಾಹಕಗಳನ್ನು ಸಿದ್ಧಪಡಿಸುವ ಸಂಶೋಧನೆ ನಡೆಯುತ್ತಿದೆ. ಈ ಊರುಗಳ ಶಾಲೆಯಲ್ಲಿ ಕಲಿತು ಔಷಧಶಾಸ್ತ್ರವನ್ನು ಓದಲು ಹೋಗುವ ಮಗುವಿಗೆ ಆ ವಿದ್ಯೆ ಸಮುದ್ರದಾಚೆಯದಲ್ಲ.

ರೋಗದ ಮೂಲವೂ ಇಲ್ಲಿಯೇ ಇದೆ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪನ್ನು ಜಗಿದು ಕೆನ್ನೆಯ ಸಂದಿನಲ್ಲಿ ಇರಿಸಿಕೊಳ್ಳುವ ಅಭ್ಯಾಸ ಕರಾವಳಿಯ ಹಿರಿಯರಲ್ಲಿ ಸಾಮಾನ್ಯ; ಬೀಡಿಯೂ ಅಷ್ಟೇ. ಹೊಗೆಸೊಪ್ಪಿಲ್ಲದ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾಲಯ ೨೦೦೪ರಲ್ಲಿ ನಿರ್ಣಯಿಸಿತು. ಅಡಿಕೆಯೇ ಜೀವನಾಧಾರವಾದ ನಾಡಿಗೆ ಇದು ಕಹಿಯಾದ ಮಾತು, ಆದರೂ ಹೇಳಲೇಬೇಕಾದುದು. ಬಾಯಿಯ ಬಿಳಿಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲಾಗದಿರುವುದು ಇವನ್ನು ಕಂಡೊಡನೆ ವೈದ್ಯರ ಬಳಿಗೆ ಹೋದವರಿಗೆ ಬಹುವೇಳೆ ಶಸ್ತ್ರಚಿಕಿತ್ಸೆಯೊಂದೇ ಸಾಕಾಗುತ್ತದೆ. ಕೂಡುಮದ್ದಿನ ಅಗತ್ಯವೇ ಬೀಳದಿರಬಹುದು. ನಾಟಿ ಮದ್ದು, ಹರಕೆ, ಸಂಕೋಚಗಳಲ್ಲಿ ಆರು ತಿಂಗಳನ್ನು ಕಳೆದು ಬಂದವರಿಗೆ ಯಾವ ವಾಮನನೂ ಆ ಆರು ತಿಂಗಳನ್ನು ತಂದುಕೊಡಲಾರನು.

'ನ್ಯಾನೋ ಚಿಕಿತ್ಸೆ'ಯ ಹೆಸರಿನಲ್ಲಿ ಹಣ ಕೇಳುವವರು ಬಂದರೆ ಕೆಲವು ವಿಷಯಗಳು ತಿಳಿದಿರಬೇಕು. ಲೈಪೊಸೋಮಿನ ಡಾಕ್ಸೊರುಬಿಸಿನ್‌ನಂತಹ ಮನ್ನಣೆ ಪಡೆದ ಮದ್ದುಗಳನ್ನು ಅರ್ಬುದತಜ್ಞರೇ ಬರೆದುಕೊಡುತ್ತಾರೆ. ಮನ್ನಣೆ ಪಡೆಯದ ಹೊಸ ಮದ್ದು ಎಂದರೆ ಅದು ಪ್ರಯೋಗ. ಮನುಷ್ಯರ ಮೇಲಿನ ಔಷಧಪ್ರಯೋಗವು ನಮ್ಮ ದೇಶದ ಪ್ರಯೋಗ ನೋಂದಣಿಯಲ್ಲಿ ದಾಖಲಾಗಿರಬೇಕೆಂಬುದು ೨೦೦೯ರಿಂದ ಕಡ್ಡಾಯ. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆಯೂ, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಪಡೆದ ಲಿಖಿತ ಸಮ್ಮತಿಯೂ ಅದಕ್ಕೆ ಬೇಕು. ಪ್ರಯೋಗದಿಂದಲೇ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಪ್ರಯೋಗ ನಡೆಸುವವರೇ ಕೊಡಬೇಕೆಂದು ೨೦೧೯ರ ನಿಯಮಗಳು ವಿಧಿಸುತ್ತವೆ. ಸಮ್ಮತಿಪತ್ರಕ್ಕೆ ಸಹಿ ಹಾಕಿದ ಮೇಲೆಯೂ ಯಾವ ಕಾರಣವನ್ನೂ ಕೊಡದೆ ಹಿಂದೆ ಸರಿಯುವ ಹಕ್ಕು ರೋಗಿಗೆ ಉಂಟು. ಹಾಗೆ ಸರಿದವರಿಗೆ ಆಸ್ಪತ್ರೆಯ ಎಂದಿನ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.